ಆರು ಚುಕ್ಕಿಯ ವಿಷದ ಪತಂಗ

ಪತಂಗವೆಂದರೆ ರಾತ್ರಿ ದೀಪಕ್ಕೆ ಮುತ್ತುವ ಮಾಸಲು ಹುಳವೇ ಆಗಬೇಕಿಲ್ಲ. ಯುರೋಪಿನ ಹುಲ್ಲುಗಾವಲುಗಳ ‘ಸಿಕ್ಸ್‌ಸ್ಪಾಟ್ ಬರ್ನೆಟ್’ ಜೂನ್‌ನಿಂದ ಆಗಸ್ಟ್‌ವರೆಗೆ ಹಾಡಹಗಲೇ ಹೂವಿಂದ ಹೂವಿಗೆ ಹಾರುತ್ತದೆ. ರೆಕ್ಕೆ ಬಿಚ್ಚಿದರೆ ಮೂರ್ನಾಲ್ಕು ಸೆಂಟಿಮೀಟರ್. ಮಿರುಗುವ ಕಪ್ಪು ಮುಂರೆಕ್ಕೆ ಒಂದೊಂದರ ಮೇಲೂ ಆರು ಕೆಂಪು ಚುಕ್ಕಿ. ಹಿಂರೆಕ್ಕೆ ಕೆಂಪು, ಅಂಚು ಮಾತ್ರ ಕಪ್ಪು. ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇದನ್ನು ವರ್ಣಿಸಿದ. ಈಗಿನ ವೈಜ್ಞಾನಿಕ ಹೆಸರು ಜೈಗೀನಾ ಫಿಲಿಪೆಂಡ್ಯುಲೇ.

ಈ ಬಣ್ಣ ಬರಿಯ ಅಲಂಕಾರವಲ್ಲ, ಹಕ್ಕಿಗಳಿಗೆ ಎಚ್ಚರಿಕೆ. ಪತಂಗದ ಮೈಯಲ್ಲಿ ಸಯನೈಡ್ ಬಿಡುವ ಲಿನಮರಿನ್ ಮತ್ತು ಲೋಟಾಸ್ಟ್ರಲಿನ್ ಎಂಬ ಎರಡು ರಾಸಾಯನಿಕಗಳಿವೆ. ಮರಗೆಣಸನ್ನು ಹಸಿಯಾಗಿ ತಿನ್ನಬಾರದು ಎನ್ನುವುದು ಇದೇ ಲಿನಮರಿನ್ ಕಾರಣಕ್ಕೆ. ಇವು ಸಿಗುವುದು ಅದು ಮರಿಹುಳುವಾಗಿದ್ದಾಗ ಮೇಯುವ ಬರ್ಡ್ಸ್‌ಫುಟ್ ಟ್ರೆಫಾಯಿಲ್ ಎಂಬ ಗಿಡದಿಂದ. ಬಟಾಣಿ ಜಾತಿಯ ಈ ಪುಟ್ಟ ಗಿಡಕ್ಕೆ ಹಳದಿ ಹೂ, ಹಕ್ಕಿಯ ಕಾಲ್ಬೆರಳಿನಂತೆ ಚಾಚಿದ ಕಾಯಿ. ಸೋಜಿಗವೆಂದರೆ, ಗಿಡದಲ್ಲಿ ವಿಷ ಕಡಿಮೆಯಿದ್ದರೆ ಹುಳು ಅದೇ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳಬಲ್ಲದು!

ಹೆಣ್ಣು ಬೇಸಿಗೆಯಲ್ಲಿ ಗಿಡದ ಮೇಲೆ ಹಳದಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಹೊರಬಂದ ಮರಿಹುಳು ಸ್ವಲ್ಪ ಕಾಲ ಮೇದು, ಚಳಿಗಾಲವಿಡೀ ನಿಶ್ಚಲವಾಗಿದ್ದು, ವಸಂತದಲ್ಲಿ ಮತ್ತೆ ಮೇವಿಗಿಳಿಯುತ್ತದೆ. ಕೆಲವಂತೂ ಎರಡು ಚಳಿಗಾಲ ಹೀಗೆ ಕಳೆಯುತ್ತವೆ. ದಪ್ಪನೆಯ ಹಳದಿ ಮೈ, ಸಾಲುಸಾಲು ಕಪ್ಪು ಚುಕ್ಕಿ. ಕೆಣಕಿದರೆ ಬೆನ್ನಿನ ಮೇಲೆ ಅಂಟಾದ ವಿಷದ ಹನಿಗಳು ಮೂಡುತ್ತವೆ.

ಬಲಿತ ಹುಳು ಹುಲ್ಲಿನ ಕಡ್ಡಿಯನ್ನೇರಿ, ಮೇಲ್ಭಾಗದಲ್ಲಿ ಕಾಗದದಂಥ ತೆಳು ಹಳದಿ ಗೂಡು ಕಟ್ಟುತ್ತದೆ. ಬೇಸಿಗೆಯಲ್ಲಿ ಪತಂಗ ಹೊರಬಿದ್ದ ಮೇಲೆ ಕೋಶದ ಕರಿಯ ಸಿಪ್ಪೆ ಗೂಡಿನ ತುದಿಯಲ್ಲಿ ಅರ್ಧ ಹೊರಚಾಚಿಕೊಂಡು ಉಳಿಯುತ್ತದೆ. ಆಗಷ್ಟೇ ಹೊರಬಂದ ಹೆಣ್ಣಿನ ರೆಕ್ಕೆ ಆರುವ ಮೊದಲೇ ಗಂಡು ಹಾಜರಾಗುವುದೂ ಉಂಟು. ಕೂಡುವಾಗ ಗಂಡು ತನ್ನ ವಿಷದ ಒಂದು ಪಾಲನ್ನು ಹೆಣ್ಣಿಗೆ ದಾಟಿಸುತ್ತದೆ.

ಹಕ್ಕಿಗೆ ಬೆದರದ ಈ ಕೀಟಕ್ಕೆ ನಿಜವಾದ ಕಂಟಕ ನೇಗಿಲು, ಗೊಬ್ಬರ ಮತ್ತು ಕೊಯ್ಲಿನ ಯಂತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗುನಾಡಿನ ಹೂವಿನ ಹುಲ್ಲುಗಾವಲುಗಳಲ್ಲಿ ನೂರಕ್ಕೆ 97ರಷ್ಟು 1930ರ ದಶಕದಿಂದ 1984ರೊಳಗೆ ಇಲ್ಲವಾದವು. ಹಾಗಿದ್ದೂ ಇದು ಅಲ್ಲಿ ಅಪರೂಪವಾಗಿಲ್ಲ. ಕಡಲ ದಂಡೆ, ರಸ್ತೆಬದಿಯ ಹುಲ್ಲಿಗೂ ಒಗ್ಗಿಕೊಂಡಿದೆ. ಗೂಡು ಕಡ್ಡಿಯ ಮೇಲ್ತುದಿಯಲ್ಲೇ ಇರುವುದರಿಂದ, ಜೂನ್‌ನಲ್ಲಿ ಆ ಹುಲ್ಲನ್ನು ಕೊಯ್ದರೆ ಗೂಡುಗಳೂ ಹುಲ್ಲಿನ ಜೊತೆಗೇ ಹೋಗುತ್ತವೆ.