ಸಲಿಂಗ ವಿವಾಹ: ಕಾನೂನಿನ ಮನ್ನಣೆ ಮತ್ತು ಸಮಾಜದ ದೃಷ್ಟಿ

ವಿವಾಹವನ್ನು ಧರ್ಮಶಾಸ್ತ್ರಕಾರರು ಸಂಸ್ಕಾರವೆಂದರು, ನ್ಯಾಯಶಾಸ್ತ್ರಜ್ಞರು ಕರಾರೆಂದರು, ಕವಿಗಳು ಹೃದಯಗಳ ಮಿಲನವೆಂದರು. ಮೂರು ಮಾತುಗಳೂ ತಮ್ಮ ತಮ್ಮ ಮಟ್ಟಿಗೆ ನಿಜವೇ. ಆದರೆ ಒಂದು ಸಂಸಾರದ ಕಾಗದಪತ್ರಗಳನ್ನು ಬಿಚ್ಚಿ ನೋಡಿದವರಿಗೆ ನಾಲ್ಕನೆಯದೊಂದು ಅರ್ಥವೂ ಗೋಚರಿಸುತ್ತದೆ. ಕೂಡಿ ಬಾಳಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡ ದಿನ, ಮನೆ ಯಾರದು, ಠೇವಣಿ ಯಾರಿಗೆ ಸಲ್ಲಬೇಕು, ಆಸ್ಪತ್ರೆಯಿಂದ ಶವವನ್ನು ಪಡೆಯುವ ಹಕ್ಕು ಯಾರದು ಎಂಬ ಪ್ರಶ್ನೆಗಳಿಗೆಲ್ಲ ಒಂದೇ ಶಬ್ದದಲ್ಲಿ ಉತ್ತರ ಕೊಡುವ ವ್ಯವಸ್ಥೆಯೇ ವಿವಾಹ. ಪತಿ ಅಥವಾ ಪತ್ನಿ ಎಂಬ ಆ ಶಬ್ದ ಯಾರ ಪಾಲಿಗೆ ಇಲ್ಲವೋ ಅವರು ಒಂದೊಂದು ಪ್ರಶ್ನೆಗೂ ಒಂದೊಂದು ಪತ್ರವನ್ನು ಒದಗಿಸಬೇಕಾಗುತ್ತದೆ; ಕೆಲವು ಪ್ರಶ್ನೆಗಳಿಗೆ ಯಾವ ಪತ್ರವೂ ಸಾಲದು. ಸಲಿಂಗ ವಿವಾಹದ ಚರ್ಚೆಯನ್ನು ಈ ಬದಿಯಿಂದ ಪರಿಶೀಲಿಸಿದರೆ ಅದರಲ್ಲಿ ಅಡಗಿರುವ ನೈಜ ಸಮಸ್ಯೆ ಏನೆಂಬುದು ಸ್ಪಷ್ಟವಾದೀತು.

ಮೊದಲು ಅಪರಾಧದ ಇತಿಹಾಸವನ್ನು ಅವಲೋಕಿಸುವುದು ಯುಕ್ತ. ಮೆಕಾಲೆಯ ನೇತೃತ್ವದಲ್ಲಿ ೧೮೩೭ರಲ್ಲಿ ಕರಡಾಗಿ, ೧೮೬೦ರಲ್ಲಿ ಅಂಗೀಕೃತವಾಗಿ, ೧೮೬೨ರಿಂದ ಜಾರಿಗೆ ಬಂದ ಭಾರತ ದಂಡ ಸಂಹಿತೆಯ ೩೭೭ನೆಯ ಕಲಮು ನಿಸರ್ಗಕ್ರಮಕ್ಕೆ ವಿರುದ್ಧವಾದ ಸಂಭೋಗವನ್ನು ಶಿಕ್ಷಾರ್ಹವೆಂದು ಸಾರಿತು. ಇಂಗ್ಲೆಂಡು ತನ್ನ ನೆಲದಲ್ಲಿ ೧೯೬೭ರಲ್ಲಿಯೇ ವಯಸ್ಕ ಪುರುಷರ ಖಾಸಗಿ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿತು. ಅದು ಬಿಟ್ಟುಹೋದ ಕಲಮು ಮಾತ್ರ ಸ್ವತಂತ್ರ ಭಾರತದಲ್ಲಿ ಉಳಿದುಕೊಂಡಿತು. ನಾಜ್ ಪ್ರತಿಷ್ಠಾನವು ೨೦೦೧ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ೨೦೦೯ರ ಜುಲೈ ೨ರಂದು, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಈ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. ೨೦೧೩ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು.

೨೦೧೩ರ ತೀರ್ಪಿನ ತರ್ಕ ಇಲ್ಲಿ ವಿಶೇಷವಾಗಿ ಗಮನಾರ್ಹ. ಈ ವರ್ಗದ ಜನ ದೇಶದ ಜನಸಂಖ್ಯೆಯಲ್ಲಿ ಅತ್ಯಲ್ಪ ಭಾಗವೆಂದೂ, ನೂರೈವತ್ತು ವರ್ಷಗಳಲ್ಲಿ ಈ ಕಲಮಿನ ಅಡಿಯಲ್ಲಿ ನಡೆದ ಮೊಕದ್ದಮೆಗಳು ಇನ್ನೂರಕ್ಕೂ ಕಡಿಮೆಯೆಂದೂ ಅದರಲ್ಲಿ ಹೇಳಲಾಗಿತ್ತು. ಆದರೆ ಯಾರನ್ನು ಅಪರಾಧಿಯೆಂದು ಕಾನೂನು ಕರೆದಿದೆಯೋ ಅವನು ಲೆಕ್ಕಕ್ಕೆ ಸಿಗುವುದಾದರೂ ಹೇಗೆ? ಕಾನೂನಿನ ಭಯದಿಂದ ಜನ ಮರೆಯಾಗುತ್ತಾರೆ. ಮರೆಯಾದುದರಿಂದ ಅವರ ಸಂಖ್ಯೆ ಅಲ್ಪವೆಂದು ತೋರುತ್ತದೆ. ಅಲ್ಪವೆಂದು ತೋರಿದುದರಿಂದ ಹಕ್ಕಿನ ಪ್ರಶ್ನೆಯೇ ಏಳುವುದಿಲ್ಲ. ಈ ಚಕ್ರವನ್ನು ಮುರಿದುದು ೨೦೧೭ರ ಆಗಸ್ಟ್ ೨೪ರ ಒಂಬತ್ತು ನ್ಯಾಯಾಧೀಶರ ಪೀಠದ ತೀರ್ಪು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಆ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಲೈಂಗಿಕ ಒಲವು ಅದರ ಅಂಗವೆಂದೂ, ಸಂಖ್ಯೆಯ ಅಲ್ಪತೆ ಹಕ್ಕನ್ನು ನಿರಾಕರಿಸಲು ಕಾರಣವಾಗದೆಂದೂ ಅದರಲ್ಲಿ ಪ್ರತಿಪಾದಿತವಾಯಿತು. ಬೆಂಗಳೂರಿನ ಒಬ್ಬ ವೃದ್ಧ ನ್ಯಾಯಮೂರ್ತಿ ಬೇರೊಂದು ಉದ್ದೇಶದಿಂದ ತಟ್ಟಿದ ಬಾಗಿಲು ಹೀಗೆ ಇನ್ನೊಂದು ವರ್ಗಕ್ಕೂ ತೆರೆಯಿತು. ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಾಧೀಶರು ಒಮ್ಮತದಿಂದ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಘೋಷಿಸಿದರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೩೭೭ನೆಯ ಕಲಮಿಗೆ ಸಮಾನವಾದ ಕಲಮು ಇಲ್ಲ.

ನ್ಯಾಯಾಲಯದ ಹೊರಗೆ ಸಮಾಜದ ದೃಷ್ಟಿಯೂ ಇದೇ ಅವಧಿಯಲ್ಲಿ ಬದಲಾಗುತ್ತ ಬಂದಿತು. ಮುಂಬಯಿಯಲ್ಲಿ ಅಶೋಕ ರಾವ್ ಕವಿಯವರು ೧೯೯೦ರಲ್ಲಿ 'ಬಾಂಬೆ ದೋಸ್ತ್' ಎಂಬ ಪತ್ರಿಕೆಯನ್ನು ಹೊರಡಿಸಿದಾಗ ಬಹಿರಂಗವಾಗಿ ತನ್ನನ್ನು ಸಲಿಂಗಪ್ರೇಮಿಯೆಂದು ಹೇಳಿಕೊಳ್ಳುವುದು ಸಾಹಸದ ಮಾತಾಗಿತ್ತು. ೧೯೯೮ರಲ್ಲಿ 'ಫೈರ್' ಚಲನಚಿತ್ರ ಬಿಡುಗಡೆಯಾದಾಗ ಇದೇ ಮುಂಬಯಿಯ ಚಿತ್ರಮಂದಿರಗಳ ಮೇಲೆ ದಾಳಿಗಳು ನಡೆದವು. ಹತ್ತು ವರ್ಷಗಳ ತರುವಾಯ, ೨೦೦೮ರ ಜೂನ್‌ನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ಸ್ವಾಭಿಮಾನ ಮೆರವಣಿಗೆ ನಡೆಯಿತು. ಕನ್ನಡ ಸಾಹಿತ್ಯದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನವು ೨೦೧೩ರಲ್ಲಿ, ಎಂದರೆ ಸರ್ವೋಚ್ಚ ನ್ಯಾಯಾಲಯವು ಹಿಂದಕ್ಕೆ ಹೆಜ್ಜೆಯಿಟ್ಟ ವರ್ಷದಲ್ಲಿಯೇ, ಪ್ರಕಟವಾಯಿತು. ಭಾಷೆಯ ದೃಷ್ಟಿಯಿಂದಲೂ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಕನ್ನಡದಲ್ಲಿ ಬಹುಕಾಲ ಬಳಕೆಯಲ್ಲಿದ್ದ 'ಸಲಿಂಗಕಾಮ' ಎಂಬ ಶಬ್ದ ಸಂಬಂಧವನ್ನು ಕಾಮಕ್ಕಷ್ಟೇ ಸೀಮಿತಗೊಳಿಸುತ್ತದೆ. ಗಂಡುಹೆಣ್ಣುಗಳ ದಾಂಪತ್ಯವನ್ನು ಯಾರೂ 'ಭಿನ್ನಲಿಂಗಕಾಮ'ವೆಂದು ಕರೆಯುವುದಿಲ್ಲ. 'ಸಲಿಂಗಪ್ರೇಮ', 'ಸಲಿಂಗಾನುರಾಗ' ಎಂಬ ಪದಗಳು ಬಳಕೆಗೆ ಬರುತ್ತಿರುವುದು ಕೇವಲ ಶಿಷ್ಟಾಚಾರವಲ್ಲ. ಕಾಮವೆಂದಾಗ ದಂಡ ಸಂಹಿತೆ ನೆನಪಾಗುತ್ತದೆ. ಅನುರಾಗವೆಂದಾಗ ಸಂಸಾರ ನೆನಪಾಗುತ್ತದೆ.

ಅಪರಾಧವಲ್ಲವೆಂಬುದು ಒಂದು ಮಾತು. ಸಂಸಾರವೆಂಬುದು ಇನ್ನೊಂದು ಮಾತು. ಹೈದರಾಬಾದಿನ ಇಬ್ಬರು ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಟ್ಟುದು ಈ ಎರಡನೆಯ ಪ್ರಶ್ನೆಯನ್ನು. ಸುಪ್ರಿಯೊ ಮೊಕದ್ದಮೆಯೆಂದು ಹೆಸರಾದ ಇದರೊಡನೆ ಇತರ ಅರ್ಜಿಗಳೂ ಸೇರಿ, ೨೦೨೩ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಹತ್ತು ದಿನ ವಾದ ನಡೆದು, ಅಕ್ಟೋಬರ್ ೧೭ರಂದು ತೀರ್ಪು ಹೊರಬಿತ್ತು. ವಾದದ ಕೇಂದ್ರ ೧೯೫೪ರ ವಿಶೇಷ ವಿವಾಹ ಕಾಯಿದೆ. ಅದರ ೪ನೆಯ ಕಲಮು ಯಾವುದೇ ಇಬ್ಬರು ವ್ಯಕ್ತಿಗಳ ನಡುವಣ ವಿವಾಹವೆಂದು ಆರಂಭವಾಗುತ್ತದೆ. ಆದರೆ ಅದೇ ಕಲಮಿನ ಮುಂದಿನ ಭಾಗ ಪುರುಷನಿಗೆ ೨೧, ಸ್ತ್ರೀಗೆ ೧೮ ವರ್ಷಗಳ ವಯೋಮಿತಿಯನ್ನು ವಿಧಿಸುತ್ತದೆ. ವಿಚ್ಛೇದನ, ಜೀವನಾಂಶ, ಉತ್ತರಾಧಿಕಾರಗಳ ಕಲಮುಗಳೂ ಗಂಡಹೆಂಡಿರೆಂಬ ಶಬ್ದಗಳ ಮೇಲೆ ನಿಂತಿವೆ. ಅರ್ಜಿದಾರರು ಮೊದಲ ಸಾಲನ್ನು ಹಿಡಿದರು. ಕೇಂದ್ರ ಸರ್ಕಾರ ಉಳಿದ ಸಾಲುಗಳನ್ನು ಹಿಡಿಯಿತು.

ಐವರು ನ್ಯಾಯಾಧೀಶರೂ ಎರಡು ವಿಷಯಗಳಲ್ಲಿ ಒಮ್ಮತ ಹೊಂದಿದರು: ಸಂವಿಧಾನದಲ್ಲಿ ವಿವಾಹವಾಗುವ ಮೂಲಭೂತ ಹಕ್ಕು ಇಲ್ಲ, ೧೯೫೪ರ ಕಾಯಿದೆಯನ್ನು ಹೊಸದಾಗಿ ಓದುವುದು ಶಾಸಕಾಂಗದ ಕೆಲಸವೇ ಹೊರತು ನ್ಯಾಯಾಲಯದ್ದಲ್ಲ. ಭೇದ ಉಂಟಾದುದು ಮುಂದಿನ ಹೆಜ್ಜೆಯಲ್ಲಿ. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಕೌಲರೂ ಇಂತಹ ಸಹಜೀವನಕ್ಕೆ ರಾಜ್ಯ ಮನ್ನಣೆ ನೀಡಬೇಕೆಂದೂ, ಅಂಥವರು ಜಂಟಿಯಾಗಿ ದತ್ತು ಸ್ವೀಕರಿಸಬಹುದೆಂದೂ ಅಭಿಪ್ರಾಯಪಟ್ಟರು. ನ್ಯಾಯಮೂರ್ತಿಗಳಾದ ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ನರಸಿಂಹ ಅವರ ಬಹುಮತ ಅದನ್ನು ಒಪ್ಪಲಿಲ್ಲ. ಸಂಬಂಧ ಬೆಳೆಸಿಕೊಂಡು ಕೂಡಿ ಬಾಳುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಆ ಸಂಬಂಧಕ್ಕೊಂದು ಕಾನೂನಿನ ಸ್ಥಾನಮಾನವನ್ನು ಸೃಷ್ಟಿಸಿಕೊಡಬೇಕೆಂದು ನ್ಯಾಯಾಲಯ ಆಜ್ಞಾಪಿಸಲಾರದು ಎಂಬುದು ಬಹುಮತದ ನಿಲುವು. ಈ ನಿಲುವನ್ನು ಕೇವಲ ಸಂಕುಚಿತ ಬುದ್ಧಿಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ಒಂದು ಶಬ್ದವನ್ನು ಬದಲಿಸಿದರೆ ಅದಕ್ಕೆ ಹೆಣೆದುಕೊಂಡ ಹತ್ತಾರು ಕಾಯಿದೆಗಳು ಅಲುಗುತ್ತವೆಂಬುದು ನಿಜವಾದ ತೊಡಕು. ೨೦೨೫ರ ಜನವರಿ ೯ರಂದು ಪುನರ್ವಿಮರ್ಶೆಯ ಅರ್ಜಿಗಳೂ ತಿರಸ್ಕೃತವಾದವು.

ಹಾಗಾದರೆ ಇಂದು ಉಳಿದಿರುವುದೇನು? ತೀರ್ಪಿನ ಸಮಯದಲ್ಲಿ ಕೇಂದ್ರ ಸರ್ಕಾರವು ಒಪ್ಪಿಕೊಂಡಿದ್ದಂತೆ, ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯ ಸಮಿತಿಯೊಂದು ೨೦೨೪ರ ಏಪ್ರಿಲ್‌ನಲ್ಲಿ ರಚಿತವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರಿಜರ್ವ್ ಬ್ಯಾಂಕು ಎಲ್ಲ ವಾಣಿಜ್ಯ ಬ್ಯಾಂಕುಗಳಿಗೂ ಸ್ಪಷ್ಟೀಕರಣವನ್ನಿತ್ತು, ಇಂತಹ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿಯಾಗಿ ಹೆಸರಿಸಲು ಯಾವ ನಿರ್ಬಂಧವೂ ಇಲ್ಲವೆಂದು ತಿಳಿಸಿತು. ಪಡಿತರ ಚೀಟಿಗಾಗಿ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಬೇಕೆಂದು ಆಹಾರ ಇಲಾಖೆ ರಾಜ್ಯಗಳಿಗೆ ಸೂಚಿಸಿತು.

ಈ ಕ್ರಮಗಳು ಸ್ವಾಗತಾರ್ಹವೇ. ಆದರೆ ಅವುಗಳ ವ್ಯಾಪ್ತಿಯನ್ನು ಸರಿಯಾಗಿ ಅಳೆಯುವುದು ಅವಶ್ಯಕ. ಏಕೆಂದರೆ ಮೋಸಹೋಗುವ ಸಂಭವ ಇಲ್ಲಿಯೇ ಹೆಚ್ಚು. ನಾಮಿನಿಯೆಂದರೆ ಹಣದ ಒಡೆಯನೆಂದು ಸುಶಿಕ್ಷಿತರೂ ಭಾವಿಸುತ್ತಾರೆ. ಅದು ತಪ್ಪು. ವಿಮೆಯ ವಿಷಯದಲ್ಲಿ ೧೯೮೩ರಲ್ಲಿ, ಬ್ಯಾಂಕು ಠೇವಣಿಯ ವಿಷಯದಲ್ಲಿ ೨೦೧೦ರಲ್ಲಿ, ಷೇರುಗಳ ವಿಷಯದಲ್ಲಿ ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದುದು ಒಂದೇ: ನಾಮಿನಿ ಹಣವನ್ನು ಕೈಯಲ್ಲಿ ಪಡೆಯುವವನು ಮಾತ್ರ, ಅದು ಸಲ್ಲಬೇಕಾದುದು ವಾರಸುದಾರರಿಗೆ. ವಿಮೆಯ ಕಾನೂನನ್ನು ೨೦೧೫ರಲ್ಲಿ ತಿದ್ದಿ, ತಂದೆತಾಯಿ, ಪತಿಪತ್ನಿ ಮತ್ತು ಮಕ್ಕಳು ನಾಮಿನಿಗಳಾಗಿದ್ದರೆ ಹಣ ಅವರಿಗೇ ಸಲ್ಲುವಂತೆ ಮಾಡಲಾಯಿತು. ಆ ಪಟ್ಟಿಯಲ್ಲಿ ಸಲಿಂಗ ಸಂಗಾತಿಗೆ ಸ್ಥಾನವಿಲ್ಲ. ಪ್ರಾವಿಡೆಂಟ್ ಫಂಡಿನ ೧೯೫೨ರ ಯೋಜನೆಯ ಪ್ರಕಾರ ಸದಸ್ಯನಿಗೆ ಕುಟುಂಬವಿದ್ದರೆ ಕುಟುಂಬದವರನ್ನೇ ಹೆಸರಿಸಬೇಕು. ಅವಲಂಬಿತ ತಾಯಿತಂದೆ ಕುಟುಂಬದೊಳಗೆ ಬರುತ್ತಾರೆ, ಸಂಗಾತಿ ಬರುವುದಿಲ್ಲ. ಪತಿ ಪತ್ನಿಗೆ ಎಷ್ಟು ಹಣವನ್ನು ದಾನವಾಗಿ ಕೊಟ್ಟರೂ ಪಡೆದವಳಿಗೆ ಆದಾಯ ತೆರಿಗೆ ಇಲ್ಲ. ಸಲಿಂಗ ಸಂಗಾತಿ ಕೊಟ್ಟ ಹಣ ವರ್ಷಕ್ಕೆ ೫೦,೦೦೦ ರೂಪಾಯಿ ಮೀರಿದರೆ ಅದು ತೆರಿಗೆಗೆ ಒಳಪಡುವ ಆದಾಯ. ಈ ಭೇದವನ್ನು ಪ್ರಶ್ನಿಸಿದ ಅರ್ಜಿಯೊಂದು ೨೦೨೫ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು.

ಎಲ್ಲಕ್ಕಿಂತ ಕಠಿಣವಾದುದು ಉತ್ತರಾಧಿಕಾರದ ಪ್ರಶ್ನೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಆಸ್ತಿ ೧೯೫೬ರ ಕಾಯಿದೆಯಂತೆ ಮೊದಲು ತಾಯಿ, ಹೆಂಡತಿ, ಮಕ್ಕಳಿಗೆ; ಅವರಿಲ್ಲದಿದ್ದರೆ ತಂದೆಗೆ, ಒಡಹುಟ್ಟಿದವರಿಗೆ; ಅವರೂ ಇಲ್ಲದಿದ್ದರೆ ದೂರದ ದಾಯಾದಿಗಳಿಗೆ, ಬಂಧುಗಳಿಗೆ; ಯಾರೂ ಸಿಗದಿದ್ದರೆ ಸರ್ಕಾರಕ್ಕೆ ಸೇರುತ್ತದೆ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿ, ಸಾಲದ ಕಂತುಗಳನ್ನು ಕೂಡಿಯೇ ತೀರಿಸಿದ ಸಂಗಾತಿ ಈ ಸಾಲಿನ ಕೊನೆಯಲ್ಲಿಯೂ ನಿಂತಿಲ್ಲ. ಉಯಿಲೊಂದೇ ಅವರಿಗೆ ಆಧಾರ. ಮುಸ್ಲಿಂ ಕಾನೂನಿನಲ್ಲಿ ಅದಕ್ಕೂ ಮೂರನೆಯ ಒಂದು ಭಾಗದ ಮಿತಿಯಿದೆ. ಉಯಿಲಿದ್ದರೂ ತವರಿನವರು ಅದನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಊರಿನಲ್ಲಿ 'ರೂಮಿನ ಸ್ನೇಹಿತ'ನೆಂದಷ್ಟೇ ಪರಿಚಿತನಾದವನು ಅಲ್ಲಿ ತನ್ನ ಸಂಬಂಧವನ್ನು ಯಾವ ಹೆಸರಿನಿಂದ ನಿವೇದಿಸಿಕೊಳ್ಳಬೇಕು?

ವಿವಾಹ, ಕುಟುಂಬ, ವಾರಸು ಈ ಮೂರೂ ಅನಾದಿಕಾಲದಿಂದ ಒಂದೇ ಅಚ್ಚಿನಲ್ಲಿ ಬಂದವುಗಳೆಂಬ ಭಾವನೆ ಈ ಚರ್ಚೆಗೆ ಅಡ್ಡಿಯಾಗುತ್ತದೆ. ಮುಂಬಯಿಯ ಕನ್ನಡಿಗರಲ್ಲಿ ಹಲವರ ಪೂರ್ವಜರ ನಾಡಾದ ದಕ್ಷಿಣ ಕನ್ನಡ ಇದಕ್ಕೆ ಉತ್ತರ ಕೊಡಬಲ್ಲುದು. ಅಳಿಯಸಂತಾನದ ಪದ್ಧತಿಯಲ್ಲಿ ಆಸ್ತಿ ಹರಿದುದು ತಾಯಿಯ ಬಳ್ಳಿಯಲ್ಲಿ. ವಿವಾಹ ಅದರ ಮೂಲವಾಗಿರಲಿಲ್ಲ. ನೆರೆಯ ಮಲಬಾರಿನಲ್ಲಿ ಸಮಾಜ ಒಪ್ಪಿದ 'ಸಂಬಂಧ'ವನ್ನು ಬ್ರಿಟಿಷರ ನ್ಯಾಯಾಲಯಗಳು ವಿವಾಹವೆಂದೇ ಒಪ್ಪಲಿಲ್ಲ. ಕೊನೆಗೆ ೧೮೯೬ರಲ್ಲಿ ಅದನ್ನು ನೋಂದಾಯಿಸಲು ಪ್ರತ್ಯೇಕ ಕಾಯಿದೆಯೊಂದನ್ನು ಮಾಡಬೇಕಾಯಿತು. ಮೈಸೂರು ಸಂಸ್ಥಾನವು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕುಗಳನ್ನು ಕಾನೂನಿನಿಂದ ವಿಸ್ತರಿಸಿತು. ಈ ಉದಾಹರಣೆಗಳು ಸಲಿಂಗ ವಿವಾಹವನ್ನು ಸಮರ್ಥಿಸುತ್ತವೆಂದು ಹೇಳುವಂತಿಲ್ಲ. ಬಾಳುವ ಜನರಿಗೂ ಕಾನೂನಿನ ಪುಟಕ್ಕೂ ಅಂತರ ಬಿದ್ದಾಗ ಶಾಸಕಾಂಗ ಅದನ್ನು ಹಿಂದೆಯೂ ಸರಿಪಡಿಸಿದೆಯೆಂಬುದನ್ನಷ್ಟೇ ತೋರಿಸುತ್ತವೆ.

ಹೊರದೇಶಗಳು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಸಾಧಿಸಿವೆ. ಡೆನ್ಮಾರ್ಕು ೧೯೮೯ರಲ್ಲಿ ನೋಂದಾಯಿತ ಸಹಜೀವನಕ್ಕೆ ಅವಕಾಶ ಕೊಟ್ಟಿತು. ಪೂರ್ಣ ವಿವಾಹದ ಮನ್ನಣೆ ಮೊದಲು ದೊರೆತುದು ೨೦೦೧ರಲ್ಲಿ ನೆದರ್ಲೆಂಡ್ಸಿನಲ್ಲಿ. ಏಷ್ಯದಲ್ಲಿ ತೈವಾನು ೨೦೧೯ರಲ್ಲಿ, ಥಾಯ್‌ಲೆಂಡು ೨೦೨೫ರಲ್ಲಿ ಈ ಮನ್ನಣೆ ನೀಡಿದವು. ನೇಪಾಳದಲ್ಲಿ ನ್ಯಾಯಾಲಯದ ಮಧ್ಯಂತರ ಆಜ್ಞೆಯ ಮೇರೆಗೆ ೨೦೨೩ರ ನವೆಂಬರ್‌ನಲ್ಲಿ ಮೊದಲ ನೋಂದಣಿ ನಡೆಯಿತು. ಭಾರತದಲ್ಲಿಯೂ ಮದರಾಸು ಉಚ್ಚ ನ್ಯಾಯಾಲಯವು ೨೦೨೫ರ ಮೇ ತಿಂಗಳಲ್ಲಿ, ಕುಟುಂಬವನ್ನು ಕಟ್ಟಲು ವಿವಾಹವೊಂದೇ ದಾರಿಯಲ್ಲವೆಂದು ಅಭಿಪ್ರಾಯಪಟ್ಟಿತು.

೨೦೨೩ರ ವಾದದಲ್ಲಿ ಕೇಂದ್ರ ಸರ್ಕಾರವು ಈ ಬೇಡಿಕೆಯನ್ನು ನಗರದ ಮೇಲ್ವರ್ಗದ ದೃಷ್ಟಿಯೆಂದು ಬಣ್ಣಿಸಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರಕ್ಕೆ ಬಂದ ಸಮುದಾಯಗಳಿಗೆ ಈ ಮಾತಿನ ದೋಷವನ್ನು ವಿವರಿಸಿ ಹೇಳಬೇಕಾದುದಿಲ್ಲ. ನಗರದಲ್ಲಿ ಕಾಣಿಸಿಕೊಳ್ಳುವವರೆಲ್ಲ ನಗರದಲ್ಲಿಯೇ ಹುಟ್ಟಿದವರಲ್ಲ. ಹಳ್ಳಿಯಲ್ಲಿ ಬಾಳಲಾಗದೆ, ಯಾರೂ ಹೆಸರು ಕೇಳದ ಗಲ್ಲಿಯನ್ನು ಹುಡುಕಿಕೊಂಡು ಬಂದವರು ಅವರಲ್ಲಿದ್ದಾರೆ. ಅಂಥವರಿಗೆ ಮಹಾನಗರ ಅಜ್ಞಾತವಾಸವನ್ನು ಒದಗಿಸಿತು. ಕಾನೂನು ೨೦೧೮ರಲ್ಲಿ ಅಭಯವನ್ನು ಕೊಟ್ಟಿತು. ವಾರಸಿನ ಪಟ್ಟಿಯಲ್ಲಿ ಒಂದು ಸ್ಥಾನವನ್ನು ಕೊಡಬೇಕಾದುದು ಈಗ ಸಂಸತ್ತು. ಅಲ್ಲಿಯವರೆಗೆ, ಇಂತಹ ಸಂಗಾತಿಗಳು ಉಯಿಲನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಂದಾಯಿಸಿಡುವುದು, ಮನೆಯ ಪತ್ರದಲ್ಲಿ ಇಬ್ಬರ ಹೆಸರನ್ನೂ ಸೇರಿಸುವುದು, ನಾಮನಿರ್ದೇಶನವನ್ನೊಂದೇ ನೆಚ್ಚಿ ಕೂಡದಿರುವುದು ವಿವೇಕದ ಮಾರ್ಗ. ಅವರ ಬಂಧುಗಳಾದವರು ಆ ಉಯಿಲನ್ನು ಗೌರವಿಸುವುದಕ್ಕೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಕಾಗಿಲ್ಲ.