ಒಳಾಂಗಣ ವಿನ್ಯಾಸ ವ್ಯಾಸಂಗ: ಪ್ರವೇಶ ಬಯಸುವ ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ. ತೇರ್ಗಡೆಯಾದ ನಂತರ ಒಳಾಂಗಣ ವಿನ್ಯಾಸವನ್ನು ವ್ಯಾಸಂಗ ಮಾಡಬಯಸುವ ವಿದ್ಯಾರ್ಥಿಗಳ ಹಾಗೂ ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಈ ಹೆಸರಿನಡಿ ಕೆಲವೇ ತಿಂಗಳುಗಳ ತರಬೇತಿಯಿಂದ ಮೊದಲ್ಗೊಂಡು ನಾಲ್ಕು ವರ್ಷಗಳ ಪದವಿಯವರೆಗೆ ಅನೇಕ ಬಗೆಯ ಕೋರ್ಸುಗಳು ನಡೆಯುತ್ತಿವೆ. ಇವುಗಳ ಪಠ್ಯದಲ್ಲಿ ಹೆಚ್ಚು ಅಂತರವಿಲ್ಲದಂತೆ ತೋರಿದರೂ, ವ್ಯಾಸಂಗದ ಕೊನೆಯಲ್ಲಿ ದೊರೆಯುವ ಪ್ರಮಾಣಪತ್ರದ ಮಾನ್ಯತೆಯಲ್ಲಿ ಬಹಳ ಅಂತರವಿದೆ. ಶುಲ್ಕ ಪಾವತಿಸಿದ ಮೇಲೆ ಈ ಅಂತರ ಗೊತ್ತಾದಲ್ಲಿ ಹಣವೂ ವರ್ಷಗಳೂ ಹಿಂದಿರುಗುವುದಿಲ್ಲವಾದ್ದರಿಂದ, ಅರ್ಜಿ ಸಲ್ಲಿಸುವ ಮೊದಲೇ ಕೆಳಕಂಡ ಅಂಶಗಳನ್ನು ಅರಿತಿರುವುದು ಅವಶ್ಯಕ.

ಒಳಾಂಗಣ ವಿನ್ಯಾಸ ಎಂದರೇನು?

ಗೋಡೆಗೆ ಬಣ್ಣ, ಕಿಟಕಿಗೆ ಪರದೆ, ಕೊಠಡಿಗೆ ಪೀಠೋಪಕರಣ ಆಯ್ದುಕೊಡುವುದೇ ಒಳಾಂಗಣ ವಿನ್ಯಾಸವೆಂಬ ಭಾವನೆ ಸಾರ್ವಜನಿಕರಲ್ಲಿದೆ. ಅದು ಅಲಂಕಾರದ ಭಾಗ ಮಾತ್ರ. ಕಟ್ಟಡದ ಒಳಭಾಗವನ್ನು ಅಲ್ಲಿ ವಾಸಿಸುವವರ ಅಥವಾ ಕೆಲಸ ಮಾಡುವವರ ಉಪಯೋಗಕ್ಕೆ ತಕ್ಕಂತೆ ಯೋಜಿಸುವುದು, ಬೆಳಕು, ಗಾಳಿ, ನೀರು ಮತ್ತು ವಿದ್ಯುತ್ತಿನ ವ್ಯವಸ್ಥೆಯನ್ನು ಅದಕ್ಕೆ ಹೊಂದಿಸುವುದು, ನಕ್ಷೆ ಬರೆಯುವುದು, ಸಾಮಗ್ರಿಗಳ ಪ್ರಮಾಣ ಹಾಗೂ ವೆಚ್ಚದ ಅಂದಾಜು ತಯಾರಿಸುವುದು, ಕೆಲಸ ನಡೆಯುವ ಸ್ಥಳದಲ್ಲಿ ಬಡಗಿ, ಗಾರೆಯವರು ಮತ್ತು ವಿದ್ಯುತ್ ಕೆಲಸಗಾರರಿಂದ ಅದನ್ನು ಮಾಡಿಸುವುದು, ಇವೆಲ್ಲವೂ ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಚಿತ್ರ ಬಿಡಿಸುವ ಆಸಕ್ತಿಯೊಂದನ್ನೇ ನಂಬಿ ಸೇರಿದವರಿಗೆ ಅಳತೆ ಮತ್ತು ಲೆಕ್ಕದ ಪಾಠಗಳು ಕಠಿಣವೆನಿಸುವುದು ಸಹಜ.

ಲಭ್ಯವಿರುವ ಕೋರ್ಸುಗಳು

ಎಸ್.ಎಸ್.ಎಲ್.ಸಿ. ನಂತರದ ಮುಖ್ಯ ಮಾರ್ಗವು ಪಾಲಿಟೆಕ್ನಿಕ್‌ಗಳಲ್ಲಿನ ಮೂರು ವರ್ಷಗಳ, ಆರು ಸೆಮಿಸ್ಟರುಗಳ ಡಿಪ್ಲೊಮಾ. ರಾಜ್ಯದಲ್ಲಿ ಇದು ಬಹುಕಾಲದಿಂದ ಒಳಾಂಗಣ ಅಲಂಕಾರ ಎಂಬ ಹೆಸರಿನಲ್ಲಿ ಪರಿಚಿತವಾಗಿದೆ. ಸಿವಿಲ್, ಮೆಕ್ಯಾನಿಕಲ್ ಮುಂತಾದ ವಿಭಾಗಗಳಂತೆ ಇದು ಎಲ್ಲ ಪಾಲಿಟೆಕ್ನಿಕ್‌ಗಳಲ್ಲಿ ಇರುವುದಿಲ್ಲ. ಆಯ್ದ ಕೆಲವು ಸಂಸ್ಥೆಗಳಲ್ಲಿ ಮಾತ್ರ ಲಭ್ಯವಿದೆ. ಆದ್ದರಿಂದ ಆಯಾ ವರ್ಷದ ಪ್ರವೇಶ ಪ್ರಕಟಣೆಯೊಂದಿಗೆ ನೀಡುವ ಸೀಟುಗಳ ಪಟ್ಟಿಯನ್ನು ಪರಿಶೀಲಿಸಿದ ನಂತರವೇ ಆಯ್ಕೆಗಳನ್ನು ನಮೂದಿಸತಕ್ಕದ್ದು.

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಳಾಂಗಣ ವಿನ್ಯಾಸ ಹಾಗೂ ಅಲಂಕಾರ ಎಂಬ ಒಂದು ವರ್ಷದ ವೃತ್ತಿ ತರಬೇತಿಯೂ, ಸಿವಿಲ್ ನಕ್ಷೆಗಾರ ವೃತ್ತಿಯ ಎರಡು ವರ್ಷಗಳ ತರಬೇತಿಯೂ ಇವೆ. ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಉದ್ದೇಶವಿದ್ದಲ್ಲಿ, ಆ ಪ್ರವೇಶಕ್ಕೆ ಸಾಮಾನ್ಯವಾಗಿ ಎರಡು ವರ್ಷಗಳ ಐ.ಟಿ.ಐ. ತರಬೇತಿಯನ್ನು ಕೇಳಲಾಗುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಪಿ.ಯು.ಸಿ. ನಂತರ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಪದವಿ ಹಾಗೂ ನಾಲ್ಕು ವರ್ಷಗಳ ವಿನ್ಯಾಸ ಪದವಿ ಇವೆ. 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸವು ಪದವಿಯ ಒಂದು ವಿಭಾಗವಾಗಿದ್ದು, ವಿನ್ಯಾಸ ಅಭಿರುಚಿ ಪರೀಕ್ಷೆಯ ಮೂಲಕ ಎರಡು ಹಂತಗಳಲ್ಲಿ ಆಯ್ಕೆ ನಡೆಯುತ್ತದೆ. ಇದೇ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಸ್ನಾತಕೋತ್ತರ ಕೋರ್ಸುಗಳು ಮಾತ್ರ ನಡೆಯುವುದರಿಂದ, ಪಿ.ಯು.ಸಿ. ಮುಗಿಸಿದವರು ಆ ಆವರಣವನ್ನು ಗಮನದಲ್ಲಿಟ್ಟು ಅರ್ಜಿ ಸಲ್ಲಿಸಲು ಬರುವುದಿಲ್ಲ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯವೂ ಈ ವಿಷಯದ ಬೋಧನೆಗೆ ಹೆಸರಾಗಿದೆ.

ತರಗತಿಯಲ್ಲಿ ಏನನ್ನು ಕಲಿಸಲಾಗುತ್ತದೆ?

ಮೊದಲ ವರ್ಷದಲ್ಲಿ ಕೈಯಿಂದ ನಕ್ಷೆ ಬರೆಯುವ ಅಭ್ಯಾಸಕ್ಕೆ ಹೆಚ್ಚಿನ ಸಮಯ ಮೀಸಲಿರುತ್ತದೆ. ಗಣಕಯಂತ್ರದಲ್ಲಿ ಆಟೋಕ್ಯಾಡ್, ಸ್ಕೆಚ್‌ಅಪ್ ಮುಂತಾದ ತಂತ್ರಾಂಶಗಳು ನಂತರ ಬರುತ್ತವೆ. ತಂತ್ರಾಂಶವನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ಗೆರೆಯ ಹಿಂದಿರುವ ಅಳತೆಯ ಅರಿವಿಗೆ ವರ್ಷಗಳು ಬೇಕಾಗುತ್ತವೆ. ತಂತ್ರಾಂಶವನ್ನಷ್ಟೇ ಕಲಿಸಿ ವಿನ್ಯಾಸಕಾರರನ್ನಾಗಿ ಮಾಡುವುದಾಗಿ ಹೇಳುವ ಪ್ರಕಟಣೆಗಳನ್ನು ಈ ದೃಷ್ಟಿಯಿಂದ ನೋಡತಕ್ಕದ್ದು.

ಅಳತೆಯ ಮಹತ್ವಕ್ಕೆ ಒಂದು ಉದಾಹರಣೆಯನ್ನು ಇಲ್ಲಿ ನೀಡಬಹುದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ವಾಸದ ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಭಾಗದ ಅಗಲ 250 ಮಿಲಿಮೀಟರಿಗೆ ಕಡಿಮೆ ಇರಬಾರದು. ನೆಲದಿಂದ ಮೇಲಿನ ಅಂತಸ್ತಿಗೆ 3 ಮೀಟರ್ ಎತ್ತರವಿದೆ ಎಂದಿಟ್ಟುಕೊಂಡರೆ, 3000ವನ್ನು 190ರಿಂದ ಭಾಗಿಸಿದಾಗ 15ಕ್ಕಿಂತ ಹೆಚ್ಚು ಬರುವುದರಿಂದ 16 ಏರುಗಳು ಬೇಕು. ಪ್ರತಿ ಏರಿನ ಎತ್ತರ 187.5 ಮಿಲಿಮೀಟರ್. ಕಾಲಿಡುವ ಭಾಗಗಳು 15. ಅವುಗಳಿಗೆ ಕನಿಷ್ಠ 3.75 ಮೀಟರ್ ಉದ್ದದ ಜಾಗ ಬೇಕು. ಅಷ್ಟು ಜಾಗ ಇಲ್ಲದಿದ್ದಲ್ಲಿ ಮೆಟ್ಟಿಲನ್ನು ನಡುವೆ ತಿರುಗಿಸಬೇಕಾಗುತ್ತದೆಯೇ ಹೊರತು ಮೆಟ್ಟಿಲುಗಳ ಸಂಖ್ಯೆಯನ್ನು ಕಡಿಮೆ ಮಾಡುವಂತಿಲ್ಲ. ಕಡಿದಾದ ಮೆಟ್ಟಿಲುಗಳಲ್ಲಿ ವೃದ್ಧರು ಪಡುವ ಕಷ್ಟಕ್ಕೆ ಮೂಲವು ಅನೇಕ ಸಂದರ್ಭಗಳಲ್ಲಿ ಈ ಸಣ್ಣ ಲೆಕ್ಕವನ್ನು ಮಾಡದಿರುವುದೇ ಆಗಿದೆ. ಗಾಲಿಕುರ್ಚಿ ಬಳಸುವವರಿಗೆ ಬಾಗಿಲಿನಲ್ಲಿ 900 ಮಿಲಿಮೀಟರ್ ತೆರವು ಇರಬೇಕು, ಇಳಿಜಾರು 12ಕ್ಕೆ 1ರಷ್ಟು ಇರಬೇಕು ಎಂಬಂತಹ ಅಂಶಗಳು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ನಂತರ ಪಾಠದಲ್ಲಿ ಇನ್ನಷ್ಟು ಮಹತ್ವ ಪಡೆದಿವೆ.

ಅಂದಾಜು ಪಟ್ಟಿಯ ಪಾಠವೂ ಇದೇ ಬಗೆಯದು. 12 ಅಡಿ ಉದ್ದ, 10 ಅಡಿ ಅಗಲದ ಕೊಠಡಿಯ ನೆಲ 120 ಚದರ ಅಡಿ. 2 ಅಡಿ ಚೌಕದ ಟೈಲ್ಸ್ ಬಳಸಿದರೆ ಲೆಕ್ಕಕ್ಕೆ 30 ಸಾಕು. ಆದರೆ ಅಂಚಿನಲ್ಲಿ ಕತ್ತರಿಸಿ ಹಾಳಾಗುವುದನ್ನು ಸೇರಿಸಿ ನೂರಕ್ಕೆ 10ರಷ್ಟು ಹೆಚ್ಚು, ಅಂದರೆ 33 ತರಿಸುವುದು ರೂಢಿ. ನಂತರ ಕೊರತೆಯಾಗಿ ಮತ್ತೊಮ್ಮೆ ತರಿಸಿದರೆ ಅದೇ ಬಣ್ಣದ ತಳಿ ಸಿಗುವ ಭರವಸೆಯಿಲ್ಲ.

ಸಾಮಗ್ರಿಗಳ ಅಧ್ಯಯನದಲ್ಲಿ ನಾಡಿನ ಉದಾಹರಣೆಗಳಿಗೆ ಕೊರತೆಯಿಲ್ಲ. ಕಲಬುರಗಿ ಭಾಗದ ಶಹಾಬಾದ್ ಕಲ್ಲು ಬಿರುಬೇಸಿಗೆಯಲ್ಲಿಯೂ ನೆಲವನ್ನು ತಂಪಾಗಿಡುತ್ತದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯೊಂದಿಗೆ ಆರಂಭವಾದ ಹೆಂಚಿನ ಉದ್ಯಮವು ಕರಾವಳಿಯ ಭಾರಿ ಮಳೆಗೆ ಒಗ್ಗುವ ಛಾವಣಿಯನ್ನು ಒದಗಿಸಿತು. ಚನ್ನಪಟ್ಟಣದಲ್ಲಿ ಹಾಲೆ ಮರಕ್ಕೆ ಹಾಕುವ ಅರಗಿನ ಬಣ್ಣ, ಮೈಸೂರಿನ ಬೀಟೆ ಮರದ ಕೆತ್ತುಕೂಡಿಕೆ ಕೆಲಸ, ನವಲಗುಂದದ ಜಮಖಾನೆ, ಇವು ಭೌಗೋಳಿಕ ಸೂಚಿಕೆ ಪಡೆದ ಕರಕುಶಲಗಳಾಗಿದ್ದು, ವಿದ್ಯಾರ್ಥಿಗಳು ಯೋಜನಾ ಕಾರ್ಯಕ್ಕೆ ಆಯ್ದುಕೊಳ್ಳಲು ಯೋಗ್ಯವಾಗಿವೆ. ತೊಟ್ಟಿ ಮನೆಯ ನಡುವಿನ ಅಂಗಳವು ಬೆಳಕು ಮತ್ತು ಗಾಳಿಯನ್ನು ಎಲ್ಲ ಕೊಠಡಿಗಳಿಗೆ ಹಂಚುವ ಕ್ರಮವನ್ನು ಒಮ್ಮೆ ಅಳೆದು ಬರೆದ ವಿದ್ಯಾರ್ಥಿಗೆ ಗಾಳಿಯಾಟದ ಪಾಠವನ್ನು ಪುಸ್ತಕದಿಂದ ಹೇಳಿಕೊಡಬೇಕಾದ ಅಗತ್ಯ ಕಡಿಮೆ.

ಮರದ ಹಲಗೆಯ ಬದಲು ಇಂದು ಪ್ಲೈವುಡ್ ಬಳಕೆ ವ್ಯಾಪಕವಾಗಿದೆ. ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಭಾರತೀಯ ಮಾನಕ 303, ನೀರಿನ ಸಂಪರ್ಕ ಹೆಚ್ಚಿರುವೆಡೆ ಬಳಸುವ ಮೆರೈನ್ ಪ್ಲೈವುಡ್‌ಗೆ ಭಾರತೀಯ ಮಾನಕ 710 ಅನ್ವಯಿಸುತ್ತದೆ. ಅಡುಗೆಮನೆಯ ಸಿಂಕಿನ ಕೆಳಗೆ ತಪ್ಪು ದರ್ಜೆಯದನ್ನು ಬಳಸಿದರೆ ಅದು ಉಬ್ಬುತ್ತದೆ. ಮನೆಯವರ ಹಣ ಪೋಲಾಗುವುದು ಇಂತಹ ಕಡೆಗಳಲ್ಲಿಯೇ.

ಸಂಸ್ಥೆಯ ಮಾನ್ಯತೆಯನ್ನು ಪರಿಶೀಲಿಸುವುದು

ಪೋಷಕರು ಅತ್ಯಂತ ಎಚ್ಚರ ವಹಿಸಬೇಕಾದ ವಿಷಯವಿದು. ಡಿಪ್ಲೊಮಾ ಎಂಬ ಪದವನ್ನು ಖಾಸಗಿ ತರಬೇತಿ ಕೇಂದ್ರಗಳೂ ಬಳಸುತ್ತವೆ. ಪಾಲಿಟೆಕ್ನಿಕ್‌ನ ಡಿಪ್ಲೊಮಾಕ್ಕೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಇರುತ್ತದೆ. ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುವುದು ರಾಜ್ಯದ ಮಂಡಳಿ. ಪದವಿಯ ವಿಷಯದಲ್ಲಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ 1956ರ ಅಧಿನಿಯಮದಂತೆ ಪದವಿ ಪ್ರದಾನ ಮಾಡುವ ಅಧಿಕಾರವು ವಿಶ್ವವಿದ್ಯಾಲಯಗಳಿಗೆ ಹಾಗೂ ಸಂಸತ್ತಿನ ಕಾಯಿದೆಯಿಂದ ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ.

ಖಾಸಗಿ ಕೇಂದ್ರದ ತರಬೇತಿಯು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಕೌಶಲವನ್ನಷ್ಟೇ ಬಯಸುವವರಿಗೆ, ಈಗಾಗಲೇ ಉದ್ಯೋಗದಲ್ಲಿರುವವರಿಗೆ ಅದು ಉಪಯುಕ್ತವಾಗಬಹುದು. ಆದರೆ ಮಾನ್ಯತೆಯಿಲ್ಲದ ಪ್ರಮಾಣಪತ್ರದ ಆಧಾರದ ಮೇಲೆ ಉನ್ನತ ವ್ಯಾಸಂಗಕ್ಕೆ ಪ್ರವೇಶ, ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಸರ್ಕಾರಿ ಹುದ್ದೆಗೆ ಅರ್ಹತೆ ದೊರೆಯುವುದಿಲ್ಲ. ಹೊಲ ಅಡವಿಟ್ಟು ಲಕ್ಷಾಂತರ ರೂಪಾಯಿ ಕಟ್ಟಿದ ಕುಟುಂಬಕ್ಕೆ ಈ ಸಂಗತಿ ಮೂರನೇ ವರ್ಷದಲ್ಲಿ ತಿಳಿಯುವಂತಾಗಬಾರದು. ಪ್ರವೇಶಕ್ಕೆ ಮುನ್ನ ಪ್ರಮಾಣಪತ್ರದ ಮೇಲೆ ಯಾವ ಮಂಡಳಿ ಅಥವಾ ವಿಶ್ವವಿದ್ಯಾಲಯದ ಹೆಸರು ಮುದ್ರಿತವಾಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಬೇಕು. ಅನಂತರ ಆ ಹೆಸರನ್ನು ಪರಿಷತ್ತಿನ ಅಥವಾ ಆಯೋಗದ ಅಂತರ್ಜಾಲ ತಾಣದಲ್ಲಿನ ಪಟ್ಟಿಯೊಡನೆ ಹೋಲಿಸಿ ನೋಡಬೇಕು. ಸಂಸ್ಥೆಗೆ ಅನುಮೋದನೆ ಇದ್ದರೂ ನಿರ್ದಿಷ್ಟ ಕೋರ್ಸಿಗೆ ಇಲ್ಲದಿರುವ ಸಾಧ್ಯತೆ ಇರುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು. ಅಂತರರಾಷ್ಟ್ರೀಯ ಮನ್ನಣೆ ಎಂಬ ಜಾಹೀರಾತಿನ ಮಾತು ಇವುಗಳಿಗೆ ಬದಲಾಗುವುದಿಲ್ಲ.

ವಾಸ್ತುಶಿಲ್ಪಿ ಮತ್ತು ಒಳಾಂಗಣ ವಿನ್ಯಾಸಕಾರ

ಈ ಎರಡು ವೃತ್ತಿಗಳ ಬಗ್ಗೆ ಗೊಂದಲವಿದೆ. 1972ರ ವಾಸ್ತುಶಿಲ್ಪಿಗಳ ಅಧಿನಿಯಮದ 37ನೇ ಪ್ರಕರಣದಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿಯಾಗದವರು ಆರ್ಕಿಟೆಕ್ಟ್ ಎಂಬ ಹೆಸರನ್ನು ಬಳಸುವಂತಿಲ್ಲ. ಈ ನಿರ್ಬಂಧವು ಹೆಸರಿಗೆ ಸಂಬಂಧಿಸಿದ್ದು, ವಿನ್ಯಾಸದ ಕೆಲಸವನ್ನೇ ಇತರರಿಗೆ ನಿಷೇಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಒಳಾಂಗಣ ವಿನ್ಯಾಸಕಾರರಿಗೆ ಇಂತಹ ಶಾಸನಬದ್ಧ ಪರಿಷತ್ತು ಇಲ್ಲ. 1972ರಲ್ಲಿ ಆರಂಭವಾದ ಭಾರತೀಯ ಒಳಾಂಗಣ ವಿನ್ಯಾಸಕಾರರ ಸಂಸ್ಥೆಯು ವೃತ್ತಿನಿರತರು ಸ್ವಇಚ್ಛೆಯಿಂದ ಸೇರುವ ಸಂಘಟನೆಯಾಗಿದೆ.

ಶಾಸನದ ನಿರ್ಬಂಧವಿಲ್ಲವೆಂಬ ಕಾರಣಕ್ಕೆ ಹೊಣೆ ಕಡಿಮೆಯಾಗುವುದಿಲ್ಲ. ಹಾಲ್ ದೊಡ್ಡದಾಗಲೆಂದು ಗೋಡೆ ತೆಗೆಸುವ ಕೋರಿಕೆ ಮನೆಯವರಿಂದ ಸಾಮಾನ್ಯವಾಗಿ ಬರುತ್ತದೆ. ಕಂಬ ಮತ್ತು ತೊಲೆಗಳಿರುವ ಕಟ್ಟಡದಲ್ಲಿ ಅದು ಬರಿಯ ಅಡ್ಡಗೋಡೆಯಾಗಿರಬಹುದು. ಕಲ್ಲು ಅಥವಾ ಇಟ್ಟಿಗೆಯ ಹಳೆಯ ಮನೆಯಲ್ಲಿ ಅದೇ ಗೋಡೆ ಛಾವಣಿಯ ಭಾರ ಹೊತ್ತಿರಬಹುದು. ಇವೆರಡರ ವ್ಯತ್ಯಾಸವನ್ನು ಗುರುತಿಸಿ, ಸಂಶಯವಿದ್ದಲ್ಲಿ ರಚನಾ ಎಂಜಿನಿಯರರ ಅಭಿಪ್ರಾಯ ಪಡೆಯದೆ ಕೆಲಸ ಮುಂದುವರಿಸದಿರುವುದು ವಿದ್ಯಾರ್ಥಿ ಕಲಿಯಲೇಬೇಕಾದ ಶಿಸ್ತು.

ವಾಸ್ತುಶಿಲ್ಪಿಯಾಗಬಯಸುವವರು ಐದು ವರ್ಷಗಳ ಬಿ.ಆರ್ಕ್. ಪದವಿ ಪಡೆಯಬೇಕು. ಇದಕ್ಕೆ ನಾಟಾ ಅಥವಾ ಜೆ.ಇ.ಇ. ಮುಖ್ಯ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ ಅರ್ಹತೆ ಅಗತ್ಯ. ಪಿ.ಯು.ಸಿ.ಯಲ್ಲಿ ಗಣಿತ ತೆಗೆದುಕೊಳ್ಳದವರಿಗೆ ಈ ದಾರಿ ಮುಚ್ಚುತ್ತದೆ. ಡಿಪ್ಲೊಮಾದಿಂದ ಬರುವವರಿಗೂ ಗಣಿತ ಕಡ್ಡಾಯ. ಹತ್ತನೇ ತರಗತಿಯಲ್ಲಿಯೇ ಇದನ್ನು ಯೋಚಿಸುವುದು ಲೇಸು.

ಅರ್ಜಿ ಮತ್ತು ದಾಖಲೆಗಳು

ಪಾಲಿಟೆಕ್ನಿಕ್ ಪ್ರವೇಶಕ್ಕೆ ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾಗಿರಬೇಕು. ಪ್ರತ್ಯೇಕ ಪ್ರವೇಶ ಪರೀಕ್ಷೆಯಿಲ್ಲ. ಅಂಕ ಹಾಗೂ ಮೀಸಲಾತಿಯ ಆಧಾರದ ಮೇಲೆ ಸೀಟು ಹಂಚಲಾಗುತ್ತದೆ. ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಆಧಾರ್ ಇವುಗಳ ಜೊತೆಗೆ ಮೀಸಲಾತಿ ಕೋರುವವರು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಮೀಸಲಾತಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುರುಜು ಇರುವ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ಅನುಚ್ಛೇದದಡಿ ಉಪವಿಭಾಗಾಧಿಕಾರಿಯವರು ನೀಡುವ ಪ್ರಮಾಣಪತ್ರ ಬೇಕು. ಫಲಿತಾಂಶದ ದಿನಗಳಲ್ಲಿ ನಾಡಕಚೇರಿಗಳಲ್ಲಿ ದಟ್ಟಣೆ ಇರುವುದರಿಂದ ಇವನ್ನು ಪರೀಕ್ಷೆಗೆ ಮೊದಲೇ ಪಡೆದಿಟ್ಟುಕೊಳ್ಳುವುದು ಉತ್ತಮ. ಅಂಕಪಟ್ಟಿ, ಆಧಾರ್ ಮತ್ತು ಜಾತಿ ಪ್ರಮಾಣಪತ್ರಗಳಲ್ಲಿ ಹೆಸರು ಒಂದೇ ರೀತಿ ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬೇಕು. ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳಲಾಗುವುದಿಲ್ಲ, ಆದರೆ ಪೋಷಕರು ಸಹ ಸಾಲಗಾರರಾಗುತ್ತಾರೆ. ಶುಲ್ಕದ ಹೊರತಾಗಿ ನಕ್ಷೆಯ ಹಲಗೆ, ಹಾಳೆ, ಬಣ್ಣ, ಮಾದರಿ ತಯಾರಿಕೆಯ ಸಾಮಗ್ರಿ ಹಾಗೂ ಮುದ್ರಣದ ಖರ್ಚು ಪ್ರತಿ ಸೆಮಿಸ್ಟರಿನಲ್ಲಿ ಇರುತ್ತದೆ. ಇದನ್ನು ಬಹಳಷ್ಟು ಕುಟುಂಬಗಳು ಮುಂಚಿತವಾಗಿ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಉದ್ಯೋಗ

ಡಿಪ್ಲೊಮಾ ಪಡೆದವರು ಸಾಮಾನ್ಯವಾಗಿ ನಕ್ಷೆಗಾರರಾಗಿ, ಸ್ಥಳ ಮೇಲ್ವಿಚಾರಕರಾಗಿ ಅಥವಾ ಸಿದ್ಧ ಅಡುಗೆಮನೆ ತಯಾರಿಸುವ ಉದ್ಯಮಗಳಲ್ಲಿ ವೃತ್ತಿ ಆರಂಭಿಸುತ್ತಾರೆ. ಸರ್ಕಾರಿ ನೇಮಕಾತಿ ಅಧಿಸೂಚನೆಯಲ್ಲಿ ಸಿವಿಲ್ ಡಿಪ್ಲೊಮಾ ಎಂದು ನಿರ್ದಿಷ್ಟಪಡಿಸಿದ್ದಲ್ಲಿ ಈ ಡಿಪ್ಲೊಮಾವನ್ನು ತಾನಾಗಿ ಅದಕ್ಕೆ ಸಮಾನವೆಂದು ಭಾವಿಸಬಾರದು. ಸ್ವಂತ ವೃತ್ತಿ ನಡೆಸುವವರು 2020ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಶುಲ್ಕವಿಲ್ಲದೆ ಪಡೆಯಬಹುದು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದಲ್ಲಿ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಕಡ್ಡಾಯ. ಕೆಲಸದ ವಿವರ, ಸಾಮಗ್ರಿಯ ದರ್ಜೆ ಹಾಗೂ ಪಾವತಿಯ ಹಂತಗಳನ್ನು ಬರಹದಲ್ಲಿ ಒಪ್ಪಿಕೊಂಡ ನಂತರವೇ ಕೆಲಸ ಆರಂಭಿಸುವುದರಿಂದ ಎರಡೂ ಕಡೆಯವರಿಗೆ ರಕ್ಷಣೆ ದೊರೆಯುತ್ತದೆ.

ಪ್ರವೇಶದ ದಿನಾಂಕ, ಶುಲ್ಕ ಹಾಗೂ ಸೀಟುಗಳ ವಿವರಗಳು ಪ್ರತಿ ವರ್ಷ ಬದಲಾಗುವುದರಿಂದ ಇಲ್ಲಿ ನೀಡಿರುವುದಿಲ್ಲ. ಅವುಗಳಿಗಾಗಿ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ನೋಡಬಹುದು ಅಥವಾ ಕಚೇರಿ ವೇಳೆಯಲ್ಲಿ ಸಮೀಪದ ಸರ್ಕಾರಿ ಪಾಲಿಟೆಕ್ನಿಕ್‌ನ ಪ್ರಾಂಶುಪಾಲರನ್ನು ಸಂಪರ್ಕಿಸಬಹುದು.