ಇಂಗ್ಲಿಷ್‌ನಲ್ಲಿ ‘ಅಂತೆ’ ಹುಡುಕಿ

ಇಂಗ್ಲಿಷ್ ಕಲೀಬೇಕು ಅಂದ್ರೆ ದಿನಾ ಇಂಗ್ಲಿಷ್ ಪೇಪರ್ ಓದು, ಇಂಗ್ಲಿಷ್ ನ್ಯೂಸ್ ನೋಡು ಅಂತ ಎಲ್ಲರೂ ಹೇಳ್ತಾರೆ. ಒಳ್ಳೇ ಸಲಹೆನೇ. ಆದರೆ ನಮ್ಮ ಹುಡುಗರು ದೊಡ್ಡ ದೊಡ್ಡ ಪದಗಳಿಗೆ ಗೆರೆ ಎಳೆದು ಅರ್ಥ ಬರ್ಕೊಂಡು, ಚಿಕ್ಕ ಪದಗಳನ್ನು ಹಾರಿಸಿಬಿಡ್ತಾರೆ. ಸುದ್ದಿಯ ಜೀವ ಇರೋದು ಆ ಚಿಕ್ಕ ಪದಗಳಲ್ಲೇ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ‘ಅವನು ಲಂಚ ತಗೊಂಡ’ ಅಂದ್ರೆ ಆ ಮಾತಿಗೆ ನಾನೇ ಹೊಣೆ. ‘ತಗೊಂಡನಂತೆ’ ಅಂದ್ರೆ ಯಾರೋ ಹೇಳಿದ್ದು, ನಾನು ಕಂಡಿಲ್ಲ. ಇಂಗ್ಲಿಷ್‌ನಲ್ಲಿ ಈ ‘ಅಂತೆ’ ಕ್ರಿಯಾಪದಕ್ಕೆ ಅಂಟಿಕೊಂಡು ಬರೋದಿಲ್ಲ. ಅಲೆಜೆಡ್ಲಿ, ರಿಪೋರ್ಟೆಡ್ಲಿ, ‘ಸೋರ್ಸಸ್ ಸೇ’ ಅಂತ ಬೇರೆ ಬೇರೆ ವೇಷದಲ್ಲಿ ಬರುತ್ತೆ. ‘ಮೇ’, ‘ಕುಡ್’ ಕಂಡರೆ ಆಗಿದೆ ಅಂತಲ್ಲ, ಆಗಬಹುದು ಅಂತ ಮಾತ್ರ. ‘ಅಪ್ ಟು 50 ಪರ್ಸೆಂಟ್’ ಅಂದ್ರೆ ಹೆಚ್ಚೆಂದರೆ 50. ಸಿಕ್ಕಿದ್ದು 5 ಆದರೂ ಬೋರ್ಡು ಸುಳ್ಳು ಹೇಳಿಲ್ಲ. ‘ಮಿಸ್ಟೇಕ್ಸ್ ವರ್ ಮೇಡ್’. ಸರಿ, ತಪ್ಪಾಗಿದೆ. ಮಾಡಿದ್ದು ಯಾರು?

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಅಳತೆಯ ಪಕ್ಕದಲ್ಲಿ ಪ್ಲಸ್ ಆರ್ ಮೈನಸ್ ಎಷ್ಟು ಅಂತ ಬರೀತೀವಿ. ಸುದ್ದಿಯಲ್ಲಿ ಆ ಕೆಲಸ ಮಾಡೋದು ಈ ಪದಗಳು. ಆದರೆ ಇಂಗ್ಲಿಷ್ ಸುದ್ದಿ ಕನ್ನಡಕ್ಕೆ ಬಂದು ವಾಟ್ಸಾಪ್ ಸೇರುವಷ್ಟರಲ್ಲಿ ಮೊದಲು ಉದುರೋದೂ ಇವೇ.

ಪದ ಉದುರಿದ ಹಾಗೆ ವಿಡಿಯೋದ ತುಣುಕೂ ಉದುರುತ್ತೆ. 2018ನ್ನು ನೆನಪಿಸಿಕೊಳ್ಳಿ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ವಿಡಿಯೋ ಅದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗಿ, ಕೊನೆಗೆ ವಾಪಸ್ ತಂದು ಬಿಡ್ತಾರೆ. ಆ ಕೊನೆಯನ್ನೇ ಕತ್ತರಿಸಿ, ನಮ್ಮ ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಹರಿಬಿಟ್ಟರು. ‘ಬಂದಿದ್ದಾರಂತೆ’ ಅಂತ ಕೂಡ ಅಲ್ಲ. ಅದೇ ವರ್ಷ ಮಕ್ಕಳ ಕಳ್ಳರ ವದಂತಿಗೆ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪಿನ ಕೈಗೆ ಸಿಕ್ಕಿ ಒಬ್ಬೊಬ್ಬರು ಪ್ರಾಣ ಬಿಟ್ಟರು.

ಅದಕ್ಕೇ ಒಂದು ಅಭ್ಯಾಸ ಹೇಳ್ತೀನಿ. ದಿನಕ್ಕೊಂದು ಇಂಗ್ಲಿಷ್ ಸುದ್ದಿ ಸಾಕು. ಪೆನ್ಸಿಲ್ ಹಿಡಿದು ‘ಅಂತೆ’ ಅನ್ನೋ ಅರ್ಥ ಬರುವ ಕಡೆಗಳಲ್ಲೆಲ್ಲ ಸುತ್ತು ಹಾಕಿ. ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು ಅಂತ ಪಕ್ಕದಲ್ಲಿ ಬರೀರಿ. ಆಮೇಲೆ ಅದೇ ಸುದ್ದಿಯನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ, ಒಂದು ‘ಅಂತೆ’ಯೂ ಬೀಳದ ಹಾಗೆ. ಇಂಗ್ಲಿಷೂ ಬರುತ್ತೆ, ಸುದ್ದಿ ಜರಡಿ ಹಿಡಿಯೋದೂ ಬರುತ್ತೆ.

ನಾಳೆ ನಾನು ಸ್ಕ್ರೀನ್ ಮೇಲೆ ‘ಮೂಲಗಳ ಪ್ರಕಾರ’ ಅಂದಾಗಲೂ ಬಿಡಬೇಡಿ. ಯಾವ ಮೂಲ ಅಂತ ಕೇಳಿ.